ಅಂಚು ಬಿಟ್ಟು ಬರೆಯುವುದು

ನನ್ನಲ್ಲಿ ಗಣಿತ ಕಲಿತವರಲ್ಲಿ ನೋಟ್‌ಬುಕ್ಕಿನ ಎಡಬದಿಯ ಕೆಂಪು ಗೆರೆಯನ್ನು ಮರೆತವರು ಯಾರೂ ಇರಲಾರರು. ಗೆರೆಯಿಂದ ಒಂದು ಬೆರಳು ಬಿಟ್ಟು ಲೆಕ್ಕ ಆರಂಭಿಸಬೇಕು. ಹಂತದ ಕೆಳಗೆ ಹಂತ ಬರಬೇಕು. ಸಮಚಿಹ್ನೆಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದರ ಕೆಳಗೊಂದು ನಿಲ್ಲಬೇಕು. ಕಚ್ಚಾ ಕೆಲಸ ಬಲಬದಿಯಲ್ಲಿ, ಪೆನ್ಸಿಲ್ಲಿನಲ್ಲಿ. ಉತ್ತರದ ಕೆಳಗೆ ಸ್ಕೇಲಿನಿಂದ ಎರಡು ಗೆರೆ. ಕಿರುಪರೀಕ್ಷೆಗಳಲ್ಲಿ ಅಚ್ಚುಕಟ್ಟಿಗೆಂದೇ ಒಂದು ಅಂಕವನ್ನು ಪ್ರತ್ಯೇಕವಾಗಿ ಇಡುತ್ತಿದ್ದೆ. ಇಲಾಖೆಯ ಯಾವ ಸುತ್ತೋಲೆಯಲ್ಲಿಯೂ ಇಲ್ಲದ ಅಂಕವದು. ನನ್ನ ಸ್ವಂತ ಸೃಷ್ಟಿ. ಈಗಲೂ ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತು, ‘ಸಾರ್, ಪಲ್ಯ ಮಾರ್ಜಿನ್ ದಾಟಿದೆ, ಒಂದಂಕ ಕಳೀತೀರಾ?’ ಎಂದು ಹಾಸ್ಯ ಮಾಡುವವರು ನಿಮ್ಮಲ್ಲಿದ್ದೀರಿ.

ಅಂಥ ನಾನು ಅರವತ್ತಾರನೆಯ ವಯಸ್ಸಿನಲ್ಲಿ, ಅಂಚು ಬಿಡುವ ವಿಷಯದಲ್ಲಿಯೇ, ಒಂದು ಯಂತ್ರದಿಂದ ತಪ್ಪು ಹಿಡಿಸಿಕೊಂಡ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ವೃತ್ತಿಯಲ್ಲಿರುವವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಅವರು ಮೇಷ್ಟ್ರ ಪಾಡನ್ನು ಕಂಡು ನಗಲೆಂದಾದರೂ ಓದಬಹುದು.

2018ರಲ್ಲಿ ನಿವೃತ್ತನಾದ ಮೇಲೂ ನಮ್ಮ ಸಹೋದ್ಯೋಗಿಯೊಬ್ಬರು ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಅಭ್ಯಾಸದ ಲೆಕ್ಕಗಳನ್ನು ಬರೆದುಕೊಡಿರೆಂದು ಕೇಳುತ್ತಲೇ ಇದ್ದರು. ಮೂವತ್ತು ಮಕ್ಕಳಿಗೆ ಮೂವತ್ತು ಬಗೆಯ ಸಂಖ್ಯೆಗಳಿದ್ದರೆ ಪಕ್ಕದವನ ಹಾಳೆ ನೋಡಿ ಬರೆಯುವ ಚಾಳಿ ತಪ್ಪುತ್ತದೆ. ಆದರೆ ಮೂವತ್ತು ಬಗೆಯ ಲೆಕ್ಕಗಳನ್ನೂ ಅವುಗಳ ಉತ್ತರಗಳನ್ನೂ ಕೈಯಲ್ಲಿ ಬರೆಯುವವರು ಯಾರು? ಮೊಮ್ಮಗಳ ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ ಪೈಥಾನ್ ಎಂಬ ಗಣಕಭಾಷೆಯ ಪಾಠಗಳಿದ್ದವು. ಅವಳು ಓದಿ ಮುಗಿಸಿದ ಪುಸ್ತಕವನ್ನು ನಾನು ಆರಂಭಿಸಿದೆ. ಒಂದು ವರ್ಷದ ಪರಿಶ್ರಮದಿಂದ, ಸಮಾಂತರ ಶ್ರೇಢಿಯ ಲೆಕ್ಕಗಳನ್ನು ತಾನೇ ತಯಾರಿಸಿ ಉತ್ತರಪಟ್ಟಿಯನ್ನೂ ಕೊಡುವ, ಸುಮಾರು ನೂರನಲವತ್ತು ಸಾಲುಗಳ ಒಂದು ಪ್ರೋಗ್ರಾಮನ್ನು ನೋಟ್‌ಪ್ಯಾಡಿನಲ್ಲಿ ಬರೆದೆ. ಅರ್ಧ ನನ್ನದು, ಅರ್ಧ ಅಲ್ಲಲ್ಲಿ ನೋಡಿ ನಕಲಿಸಿ ಅಂಟಿಸಿದ್ದು. ಪಕ್ಕದವನ ಹಾಳೆ ನೋಡಬಾರದೆಂಬ ನಿಯಮ ಮೇಷ್ಟ್ರಿಗೆ ಅನ್ವಯಿಸುವುದಿಲ್ಲವಷ್ಟೆ.

ಈ ವಿದ್ಯೆಯ ಪರಿಚಯವಿಲ್ಲದ ಬಂಧುಗಳಿಗಾಗಿ ಒಂದು ಮಾತು. ಸಿ, ಜಾವಾ ಮೊದಲಾದ ಭಾಷೆಗಳಲ್ಲಿ ಯಾವ ಸಾಲು ಯಾವುದರ ಅಧೀನ ಎಂಬುದನ್ನು ಪುಷ್ಪಾವರಣ ಚಿಹ್ನೆಗಳಿಂದ ತೋರಿಸುತ್ತಾರೆ. ಸಾಲನ್ನು ಒಳಕ್ಕೆ ಸರಿಸಿ ಬರೆಯುವುದು, ಅಂದರೆ ಇಂಡೆಂಟೇಷನ್, ಅಲ್ಲಿ ಓದುವ ಮನುಷ್ಯನ ಅನುಕೂಲಕ್ಕೆ ಮಾತ್ರ. ಯಂತ್ರ ಅದನ್ನು ಕಣ್ಣೆತ್ತಿಯೂ ನೋಡದು. ತಾಳೆಗರಿಯ ನಮ್ಮ ಹಳೆಯ ಕಾವ್ಯಗಳಲ್ಲಿ ಪದಗಳ ನಡುವೆ ಎಡೆಯೇ ಇರುತ್ತಿರಲಿಲ್ಲ. ಅವನ್ನು ಬಿಡಿಸಿ, ಪದ್ಯಪದ್ಯವಾಗಿ ಅಂಚು ಬಿಟ್ಟು ಅಚ್ಚು ಹಾಕಿಸಿದವರು ಆಧುನಿಕ ಸಂಪಾದಕರು. ಕಾವ್ಯ ಅದೇ, ಓದುವ ಸುಖ ಬೇರೆ. ಇದೂ ಹಾಗೆಯೇ. ಆದರೆ ಪೈಥಾನ್ ಹಾಗಲ್ಲ. 1989ರ ಡಿಸೆಂಬರಿನಲ್ಲಿ ಅದನ್ನು ರೂಪಿಸಲು ತೊಡಗಿ 1991ರಲ್ಲಿ ಹೊರತಂದ ನೆದರ್ಲೆಂಡ್ಸ್‌ನ ಗಿಡೊ ವಾನ್ ರೋಸಮ್ ಅವರು, ತಾವು ಹಿಂದೆ ಕೆಲಸ ಮಾಡಿದ್ದ ಎಬಿಸಿ ಎಂಬ ಭಾಷೆಯಿಂದ ಒಂದು ಪದ್ಧತಿಯನ್ನು ಎತ್ತಿಕೊಂಡರು. ಅಲ್ಲಿ ಆವರಣವೇ ಇಲ್ಲ. ಎಷ್ಟು ಅಂಚು ಬಿಟ್ಟಿದ್ದೀರಿ ಎಂಬುದೇ ಅರ್ಥ. ಒಳಕ್ಕೆ ಸರಿದ ಸಾಲು ಮೇಲಿನದರ ಮಗು. ಹೊರಗೆ ಬಂದ ಸಾಲು ಮೇಲಿನದರ ಸಂಗಾತಿ. ಇದನ್ನು ಮೊದಲ ಸಲ ಓದಿದಾಗ, ಕೆಂಪು ಗೆರೆಯ ವಿಷಯದಲ್ಲಿ ನಾನು ಹಿಡಿದ ಹಟ ಕಡೆಗೂ ಲೋಕಮಾನ್ಯವಾಯಿತೆಂದು ಸಂತೋಷಪಟ್ಟಿದ್ದೆ.

ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಪ್ರೋಗ್ರಾಮನ್ನು ಓಡಿಸಿದರೆ, ಟ್ಯಾಬ್‌ಗಳನ್ನೂ ಸ್ಪೇಸ್‌ಗಳನ್ನೂ ಅಸಂಗತವಾಗಿ ಬೆರೆಸಿದ್ದೀರಿ ಎಂಬ ಆಕ್ಷೇಪಣೆ. ಆಕ್ಷೇಪಣೆ ಬಂದ ಸಾಲನ್ನು ನೋಡುತ್ತೇನೆ, ಅದರ ಮೇಲಿನ ಸಾಲನ್ನು ನೋಡುತ್ತೇನೆ. ಎರಡೂ ನೂಲು ಹಿಡಿದಂತೆ ಒಂದೇ ನೇರದಲ್ಲಿವೆ. ಪರದೆಗೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಅಳೆದೆ (ನಮ್ಮ ಮನೆಯವರು ಇದನ್ನು ಬಂದವರಿಗೆಲ್ಲ ಹೇಳಿದ್ದಾರಾದ್ದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ). ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮೂರು ಸಂಜೆಗಳು ಹೀಗೆ ಕಳೆದವು. ಇಷ್ಟು ನೇರವಾಗಿರುವುದನ್ನು ಓರೆ ಎನ್ನುವ ಇದೆಂಥ ಪರೀಕ್ಷಕ ಎಂದು ನನಗೆ ಸಿಟ್ಟೇ ಬಂದಿತು.

2024ರ ದೀಪಾವಳಿಯ ಮರುದಿನ, 1994ರ ಬ್ಯಾಚಿನ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ಮನೆಗೆ ಬಂದ. ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವವನು. ಹೆಸರು ಬರೆಯಬೇಡಿ ಸಾರ್ ಎಂದು ಕೇಳಿಕೊಂಡಿರುವುದರಿಂದ ಬರೆದಿಲ್ಲ; ಸಹಪಾಠಿಗಳಿಗೆ ಹೇಗೂ ಗೊತ್ತಾಗುತ್ತದೆ. ಕೋಡುಬಳೆ, ಕಾಫಿ ಆದ ಮೇಲೆ ನನ್ನ ಕಷ್ಟ ಹೇಳಿಕೊಂಡೆ. ಆತ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ‘ಮೊದಲು ಈ ನೋಟ್‌ಪ್ಯಾಡ್ ಬಿಡಿ ಸಾರ್’ ಎಂದ. ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಹೊರತಂದ, ಉಚಿತವಾಗಿ ದೊರೆಯುವ ವಿಎಸ್ ಕೋಡ್ ಎಂಬ ಎಡಿಟರನ್ನು ಹಾಕಿದ. ಪೈಥಾನಿಗೆ ಬೇಕಾದ ವಿಸ್ತರಣೆಯನ್ನು ಸೇರಿಸಿದ. ಬಳಿಕ ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿಗಳನ್ನು ಒಟ್ಟಿಗೆ ಒತ್ತಿ ಸೆಟ್ಟಿಂಗ್ಸ್ ತೆರೆದು, ‘ರೆಂಡರ್ ವೈಟ್‌ಸ್ಪೇಸ್’ ಎಂಬುದನ್ನು ‘ಆಲ್’ ಎಂದು ಬದಲಿಸಿದ.

ಪರದೆಯ ಮೇಲೆ ಬಿಳಿಯ ಜಾಗವೆಲ್ಲ ಮಾತಾಡತೊಡಗಿತು. ಸ್ಪೇಸ್ ಇದ್ದಲ್ಲಿ ಸಣ್ಣ ಚುಕ್ಕಿಗಳು, ಟ್ಯಾಬ್ ಇದ್ದಲ್ಲಿ ಒಂದು ಬಾಣ. ಒಂದು ಸಾಲಿನ ಮುಂದೆ ಎಂಟು ಚುಕ್ಕಿಗಳು. ಅದರ ಕೆಳಗಿನ ಸಾಲಿನ ಮುಂದೆ ಒಂದೇ ಬಾಣ. ನೋಟ್‌ಪ್ಯಾಡ್ ಒಂದು ಟ್ಯಾಬನ್ನು ಎಂಟು ಸ್ಪೇಸ್‌ಗಳ ಅಗಲಕ್ಕೆ ತೋರಿಸುತ್ತದೆಯಾದ್ದರಿಂದ ನನ್ನ ಕಣ್ಣಿಗೂ ಸ್ಕೇಲಿಗೂ ಎರಡೂ ಒಂದೇ. ಟ್ಯಾಬ್ ಎಂದರೆ ಇಷ್ಟೇ ಅಗಲ ಎಂಬ ನಿಯಮ ಲೋಕದಲ್ಲಿಲ್ಲ; ಒಬ್ಬರಲ್ಲಿ ಎಂಟು, ಇನ್ನೊಬ್ಬರಲ್ಲಿ ನಾಲ್ಕು. ಒಂದೇ ಕಡತ ನಾಲ್ಕು ಮನೆಗಳಲ್ಲಿ ನಾಲ್ಕು ರೂಪವಾಗಿ ಕಾಣುತ್ತದೆ. ಅದಕ್ಕಾಗಿ ಮೂರನೆಯ ಆವೃತ್ತಿಯಿಂದ ಈಚಿನ ಪೈಥಾನ್ ಇಂಥ ಅನುಮಾನದ ಬೆರಕೆಯನ್ನು ಒಪ್ಪುವುದಿಲ್ಲ. ಪೈಥಾನ್ ಬರೆಯುವವರು ಪ್ರತಿ ಹಂತಕ್ಕೂ ನಾಲ್ಕು ಸ್ಪೇಸ್‌ಗಳನ್ನೇ ಬಳಸಬೇಕೆಂಬ ಸಲಹೆ 2001ರಿಂದಲೇ ಲಿಖಿತ ರೂಪದಲ್ಲಿದೆಯಂತೆ. ನಕಲಿಸಿದ ಸಾಲುಗಳೆಲ್ಲ ಚುಕ್ಕಿಯವು; ನಾನು ಕೈಯಾರೆ ಬರೆದವೆಲ್ಲ ಬಾಣದವು. ಎಲ್ಲಿ ನಕಲು, ಎಲ್ಲಿ ಸ್ವಂತ ಎಂಬುದು ಅಷ್ಟು ನಿಚ್ಚಳವಾಗಿ ಬಯಲಾದಾಗ ವಿದ್ಯಾರ್ಥಿಯ ಎದುರು ಸ್ವಲ್ಪ ಸಂಕೋಚವೂ ಆಯಿತು.

ಇದನ್ನು ಸರಿಪಡಿಸುವ ಆಜ್ಞೆ ಎಡಿಟರಿನಲ್ಲಿಯೇ ಇದೆ. ಕಂಟ್ರೋಲ್, ಶಿಫ್ಟ್, ಪಿ ಒತ್ತಿದರೆ ಮೇಲೊಂದು ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ‘ಕನ್ವರ್ಟ್ ಇಂಡೆಂಟೇಷನ್ ಟು ಸ್ಪೇಸಸ್’ ಎಂಬುದನ್ನು ಆರಿಸಬೇಕು. ನಾನು ಒತ್ತಲು ಹೋದೆ. ಆತ ಕೈ ಹಿಡಿದು ತಡೆದ. ‘ತಡೀರಿ ಸಾರ್. ಕೆಳಗಡೆ ನಾಲ್ಕು ಅಂತ ಇದೆ. ಈಗ ಒತ್ತಿದ್ರೆ ಪ್ರತಿ ಬಾಣವೂ ನಾಲ್ಕು ಚುಕ್ಕಿಯಾಗುತ್ತೆ. ನೀವು ಬರೆಯುವಾಗ ನಿಮ್ಮ ಕಣ್ಣಿಗೆ ಕಂಡಿದ್ದು ಎಂಟು.’ ಮೊದಲು ಟ್ಯಾಬಿನ ಅಳತೆಯನ್ನು ಎಂಟಕ್ಕೆ ಬದಲಿಸಿ, ನಾನು ಕಂಡಂತೆಯೇ ಪುಟ ಕಾಣುವ ಹಾಗೆ ಮಾಡಿ, ಅನಂತರ ಪರಿವರ್ತಿಸಿದ. ಬರೆದವನು ಏನನ್ನು ನೋಡುತ್ತ ಬರೆದನೋ ಅದನ್ನೇ ಮೊದಲು ಉಳಿಸಿಕೊಳ್ಳಬೇಕು, ತಿದ್ದುವುದು ಆಮೇಲೆ ಎಂದ. ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಆ ಮಾತು ಎಲ್ಲಿಯೋ ಹೋಗಿ ತಾಗಿತು.

ಆಮೇಲಿನ ಕೆಲಸ ಸುಲಭ. ಬ್ಲ್ಯಾಕ್ ಎಂಬ ಫಾರ್ಮ್ಯಾಟರನ್ನು ಸೇರಿಸಿ, ಪೈಥಾನ್ ಕಡತಗಳಿಗೆ ಇದೇ ‘ಡೀಫಾಲ್ಟ್ ಫಾರ್ಮ್ಯಾಟರ್’ ಎಂದು ಗುರುತಿಸಿ, ‘ಫಾರ್ಮ್ಯಾಟ್ ಆನ್ ಸೇವ್’ ಎಂಬಲ್ಲಿ ಗುರುತು ಹಾಕಿದ. ‘ಈಗ ಸೇವ್ ಮಾಡಿ ಸಾರ್.’

ಮಾಡಿದೆ. ಆ ಕ್ಷಣವನ್ನು ಹೇಗೆ ವರ್ಣಿಸಲಿ? ಗಂಟೆ ಬಾರಿಸಿದ ಕೂಡಲೇ ಅಂಗಳದಲ್ಲಿ ಚದುರಿದ್ದ ಮಕ್ಕಳು ಓಡಿ ಬಂದು ಸಾಲಾಗಿ ನಿಲ್ಲುವ ದೃಶ್ಯವನ್ನು ಶಾಲೆಯಲ್ಲಿ ಸಾವಿರಾರು ಬಾರಿ ನೋಡಿದ್ದೇನೆ. ಹಾಗೆಯೇ ನೂರನಲವತ್ತು ಸಾಲುಗಳೂ ಎಳೆದುಕೊಂಡು ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಸಮಚಿಹ್ನೆಯ ಎರಡು ಬದಿಗೂ ಒಂದೊಂದು ಎಡೆ. ಎಂಬತ್ತೆಂಟು ಅಕ್ಷರ ಮೀರಿದ ಸಾಲುಗಳು ತಾವಾಗಿಯೇ ಮುರಿದು ಕೆಳಗಿಳಿದವು. ಒಂಟಿ ಉದ್ಧರಣ ಚಿಹ್ನೆಗಳೆಲ್ಲ ಜೋಡಿಯಾದವು. 2018ರಲ್ಲಿ ಹೊರಬಂದ ಈ ಬ್ಲ್ಯಾಕ್‌ನಲ್ಲಿ ನಮ್ಮ ಇಷ್ಟಾನಿಷ್ಟಗಳಿಗೆ ಬಹಳ ಕಡಿಮೆ ಅವಕಾಶ. ಕಾರು ಯಾವ ಬಣ್ಣದ್ದಾದರೂ ಇರಲಿ, ಕಪ್ಪಾಗಿದ್ದರಾಯಿತು ಎಂದು ಹೆನ್ರಿ ಫೋರ್ಡ್ ಆಡಿದನೆನ್ನುವ ಮಾತೇ ಹೆಸರಿನ ಹಿಂದಿರುವುದು. ಅದರಲ್ಲಿಯೂ ಒಂದು ಒಳ್ಳೆಯದಿದೆಯಂತೆ. ಹಿಂದೆ ಟ್ಯಾಬೋ ಸ್ಪೇಸೋ, ಎರಡೋ ನಾಲ್ಕೋ ಎಂದು ಕಚೇರಿಗಳಲ್ಲಿ ವಾದಗಳೇ ನಡೆಯುತ್ತಿದ್ದವು. 2009ರಲ್ಲಿ ಬಂದ ಗೋ ಭಾಷೆಯ ಜೊತೆಗೇ ಅದರ ಫಾರ್ಮ್ಯಾಟರೂ ಬಂದು, ಯಾರಿಗೂ ಪೂರ್ತಿ ಇಷ್ಟವಾಗದ ಒಂದೇ ರೀತಿಯನ್ನು ಎಲ್ಲರಿಗೂ ಹಾಕಿ ಜಗಳ ಮುಗಿಸಿತು ಎಂದು ನಕ್ಕ. ಹಲವರು ಸೇರಿ ಬರೆಯುವ ಕಡತವಾದರೆ ಮಾತ್ರ ಕೇಳದೆ ಕೈಹಾಕಬಾರದು. ಸಾಲುಗಳೆಲ್ಲ ಒಮ್ಮೆಗೇ ಬದಲಾದರೆ, ನಿಜವಾಗಿ ತಿದ್ದಿದ ಒಂದು ಸಾಲು ಯಾವುದೆಂದು ಹುಡುಕುವುದೇ ಕಷ್ಟವಾಗುತ್ತದೆಂದೂ ಹೇಳಿದ.

ನನಗೆ ಆಗ ಹೊಳೆದದ್ದು ಬೇರೆ. ಅಚ್ಚುಕಟ್ಟಿನ ನನ್ನ ಆ ಒಂದು ಅಂಕವನ್ನು ಈ ಯಂತ್ರ ಕಣ್ಣು ಮಿಟುಕಿಸುವುದರೊಳಗೆ, ಯಾರಿಗೆ ಬೇಕಾದರೂ, ಪುಕ್ಕಟೆಯಾಗಿ ಕೊಡುತ್ತದೆ.

ಪ್ರೋಗ್ರಾಮ್ ಓಡಿತು. ಆಕ್ಷೇಪಣೆಯಿಲ್ಲ. ಮೊದಲ ಪದ 3, ಸಾಮಾನ್ಯ ವ್ಯತ್ಯಾಸ 4, ಪದಗಳು 10, ಮೊತ್ತವೆಷ್ಟು? 210 ಎಂದು ನಾನು ಬಾಯಿಯಲ್ಲೇ ಹೇಳಿದೆ. ಯಂತ್ರ 3 ಎಂದಿತು.

ಇನ್ನೊಂದು ಲೆಕ್ಕ ಕೊಟ್ಟೆವು. ಮೊದಲ ಪದವನ್ನೇ ಮತ್ತೆ ಮೊತ್ತವೆಂದು ಹೇಳಿತು. ಆತ ಒಂದು ಸಾಲಿನ ಮೇಲೆ ಬೆರಳಿಟ್ಟ. ಪದಗಳನ್ನು ಒಂದೊಂದಾಗಿ ಕೂಡುವ ಆವರ್ತನದೊಳಗೆ, ಕೂಡುವ ಸಾಲಿನ ಕೆಳಗೆ ಅದೇ ನೇರದಲ್ಲಿ, ‘ರಿಟರ್ನ್’ ಎಂಬ ಸಾಲನ್ನು ನಾನು ಬರೆದಿದ್ದೆ. ಅದು ಒಂದು ಹಂತ ಎಡಕ್ಕೆ, ಆವರ್ತನದ ಹೊರಗೆ ಇರಬೇಕಾದದ್ದು. ಒಳಗಿದ್ದುದರಿಂದ, ಮೊದಲ ಪದವನ್ನು ಕೂಡಿದೊಡನೆ ಉತ್ತರ ಒಪ್ಪಿಸಿ ಮನೆಗೆ ಹೋಗುತ್ತಿತ್ತು. ‘ಮತ್ತೆ ಈ ಫಾರ್ಮ್ಯಾಟರ್ ಯಾಕೆ ತಿದ್ದಲಿಲ್ಲ?’ ಎಂದೆ. ‘ಅದು ಹೇಗೆ ತಿದ್ದುತ್ತೆ ಸಾರ್? ನೀವು ಒಳಗೆ ಬರೆದಿದ್ದೀರಿ. ಒಳಗೇ ಬೇಕಿತ್ತೇನೋ ಅಂದುಕೊಳ್ಳುತ್ತೆ.’ ಬ್ಲ್ಯಾಕ್ ಪುಟವನ್ನು ಜೋಡಿಸಿದ ಮೇಲೆ, ಪ್ರೋಗ್ರಾಮಿನ ಅರ್ಥ ಮೊದಲಿದ್ದಂತೆಯೇ ಇದೆಯೇ ಎಂದು ತಾನೇ ಹೋಲಿಸಿ ನೋಡುತ್ತದೆಯಂತೆ. ಅರ್ಥ ಬದಲಿಸಬಾರದೆಂಬುದೇ ಅದರ ವ್ರತ. ಹಾಗಾಗಿ ನನ್ನ ತಪ್ಪನ್ನು ಅದು ಅತ್ಯಂತ ನಿಷ್ಠೆಯಿಂದ, ಒಂದು ಚುಕ್ಕಿಯೂ ಆಚೀಚೆಯಾಗದಂತೆ ಅಲಂಕರಿಸಿಟ್ಟಿತ್ತು.

ಇನ್ನೂ ವಿಚಿತ್ರ ಕೇಳಿ. ಆ ‘ರಿಟರ್ನ್’ ಸಾಲಿನ ಮುಂದಿದ್ದದ್ದು ಬಾಣ. ಅಳತೆಯನ್ನು ಎಂಟಕ್ಕೆ ಬದಲಿಸದೆ, ನಾನು ಒತ್ತಲು ಹೋದಾಗ ಬಿಟ್ಟಿದ್ದರೆ, ಅದು ನಾಲ್ಕು ಚುಕ್ಕಿಯಾಗಿ ಎಡಕ್ಕೆ ಸರಿದು ಆವರ್ತನದ ಹೊರಗೆ ಬೀಳುತ್ತಿತ್ತು. ಉತ್ತರ 210 ಬರುತ್ತಿತ್ತು. ಒಂದು ತಪ್ಪು ಇನ್ನೊಂದು ತಪ್ಪನ್ನು ಹೊಡೆದುಹಾಕಿ ಉತ್ತರ ಸರಿಯಾಗುವುದನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಕಂಡಿದ್ದೇನೆ. ಅಂಥವಕ್ಕೆ ಪೂರ್ಣಾಂಕ ಕೊಟ್ಟೂ ಇದ್ದೇನೆ, ಹಂತಗಳ ಸಮಚಿಹ್ನೆಗಳು ನೇರವಾಗಿದ್ದರೆ.

ಆತ ಮತ್ತೊಂದು ಪ್ರಸಂಗ ಹೇಳಿದ. 2014ರ ಫೆಬ್ರುವರಿಯಲ್ಲಿ ಆಪಲ್ ಸಂಸ್ಥೆಯ ಐಫೋನ್, ಮ್ಯಾಕ್‌ಗಳ ಭದ್ರತೆಯಲ್ಲಿ ದೊಡ್ಡ ಲೋಪವೊಂದು ಬಯಲಾಯಿತು. ಸಿ ಭಾಷೆಯ ಒಂದು ಸಾಲು, ‘ಗೋಟು ಫೇಲ್’ ಎಂಬುದು, ಎರಡು ಬಾರಿ ಬಿದ್ದಿತ್ತು. ಎರಡೂ ಒಂದೇ ಅಂಚಿನಲ್ಲಿ, ಒಂದು ಷರತ್ತಿನ ಕೆಳಗೆ, ಅವಳಿ ಮಕ್ಕಳಂತೆ. ಓದುವವರ ಕಣ್ಣಿಗೆ ಎರಡೂ ಷರತ್ತಿನ ಒಳಗಿನವು. ಆದರೆ ಆವರಣ ಚಿಹ್ನೆಗಳಿರಲಿಲ್ಲವಾಗಿ ಯಂತ್ರದ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಒಳಗೆ; ಎರಡನೆಯದು ಷರತ್ತಿಲ್ಲದೆ ಪ್ರತಿ ಬಾರಿಯೂ ನಡೆಯುವಂಥದು. ಅದರಿಂದಾಗಿ ಮುಂದಿನ ಮುಖ್ಯ ಪರಿಶೀಲನೆಯೇ ತಪ್ಪಿಹೋಗಿ, ಸುಳ್ಳು ತಾಣ ನಿಜವಾದ ತಾಣದ ವೇಷ ಹಾಕಲು ದಾರಿಯಾಗಿತ್ತು. ಅಲ್ಲೊಂದು ಫಾರ್ಮ್ಯಾಟರನ್ನು ಓಡಿಸಿದ್ದರೆ ಎರಡನೆಯ ಸಾಲು ಎಡಕ್ಕೆ ಸರಿದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತಿತ್ತು. ಅಂಚು ಸುಳ್ಳು ಹೇಳುತ್ತಿದೆ ಎಂದು ಎಚ್ಚರಿಸುವ ಏರ್ಪಾಡನ್ನು 2016ರಲ್ಲಿ ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನಲ್ಲಿಯೂ ಸೇರಿಸಿದರು.

ಅಂದರೆ ಸಿ ಭಾಷೆಯಲ್ಲಿ ಫಾರ್ಮ್ಯಾಟರ್ ಅರ್ಥವನ್ನು ನೋಡಿ ಅಂಚನ್ನು ಸರಿಪಡಿಸಬಲ್ಲದು. ಪೈಥಾನಿನಲ್ಲಿ ಅಂಚೇ ಅರ್ಥವಾದ್ದರಿಂದ ಅದು ಬರೆದವನ ಮಾತನ್ನು ನಂಬಬೇಕು, ಬೇರೆ ದಾರಿಯಿಲ್ಲ. ಇದನ್ನು ಕೇಳುತ್ತ ಕುಳಿತಿದ್ದ ನನಗೆ ಇದ್ದಕ್ಕಿದ್ದಂತೆ ಇವನ ಬೆಂಚಿನಲ್ಲಿಯೇ ಕೂರುತ್ತಿದ್ದ ಇನ್ನೊಬ್ಬ ಹುಡುಗ ನೆನಪಾದ.

ಎಡಗೈಯವನು. ಬರೆಯುತ್ತ ಹೋದಂತೆ ಅಂಗೈ ಹಸಿ ಇಂಕಿನ ಮೇಲೆ ಸವರಿ ಪುಟವೆಲ್ಲ ನೀಲಿ. ಸಾಲುಗಳು ಬಲಕ್ಕೆ ಹೋಗುತ್ತ ಗುಡ್ಡ ಹತ್ತುತ್ತಿದ್ದವು. ಒಂದು ಹಂತ ಇಲ್ಲಿ, ಅದರ ಮುಂದಿನದು ಪುಟದ ಮೂಲೆಯಲ್ಲಿ, ನಡುವೆ ಒಂದು ಬಾಣ. ಆ ಬಾಣಗಳನ್ನು ಹಿಡಿದು ಹೊರಟರೆ ಪ್ರತಿ ಸಲವೂ ಸರಿಯಾದ ಉತ್ತರಕ್ಕೆ ತಲಪುತ್ತಿದ್ದೆವು. ನನಗೆ ಹೊರಡುವ ತಾಳ್ಮೆ ಇರಲಿಲ್ಲ. 1994ರ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವರ್ಗಸಮೀಕರಣದ ನಾಲ್ಕು ಅಂಕದ ಲೆಕ್ಕಕ್ಕೆ, ಮೂಲಗಳೆರಡೂ ಸರಿಯಿದ್ದರೂ, ಅವನಿಗೆ ಸೊನ್ನೆ ಕೊಟ್ಟು ಪಕ್ಕದಲ್ಲಿ ‘ಓದಲಾಗುವುದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅದಕ್ಕೂ ಮೊದಲು ಇಡೀ ನೋಟ್‌ಬುಕ್ಕನ್ನು ಮತ್ತೆ ಬರೆಸಿದ್ದೆ. ಆಮೇಲೆ ಅವನು ತರಗತಿಯಲ್ಲಿ ಕೈ ಎತ್ತಿದ್ದು ನನಗೆ ನೆನಪಿಲ್ಲ.

‘ಅವನು ಎಲ್ಲಿದ್ದಾನೆ?’ ಎಂದು ಕೇಳಿದೆ. ಭದ್ರಾವತಿಯಲ್ಲಿ ಲೇತ್ ಇಟ್ಟುಕೊಂಡಿದ್ದಾನೆ; ಐಟಿಐ ಮಾಡಿದ; ಕೆಲಸ ಕೂದಲೆಳೆ ತಪ್ಪುವುದಿಲ್ಲ; ಅಳತೆಗಳನ್ನು ಈಗಲೂ ರಟ್ಟಿನ ಚೂರಿನ ಮೇಲೆ ಹಾಗೇ ಗುಡ್ಡ ಹತ್ತಿಸಿ ಬರೆಯುತ್ತಾನೆ ಎಂದ. ಹೇಳುತ್ತಲೇ ಫೋನ್ ಹಚ್ಚಿ ನನ್ನ ಕೈಗಿತ್ತುಬಿಟ್ಟ. ಸಿದ್ಧತೆಗೆ ಸಮಯವೇ ಸಿಗಲಿಲ್ಲ.

‘ಯಾರು ಗೊತ್ತಾಯಿತೇನಪ್ಪಾ?’ ಎಂದೆ.

‘ಗೊತ್ತಾಗದೆ ಏನು ಸಾರ್, ಆರಾಮಿದೀರಾ?’ ಹಿಂದುಗಡೆ ಯಂತ್ರದ ಸದ್ದು ನಿಂತಿತು.

ಆ ನಾಲ್ಕು ಅಂಕದ ವಿಷಯ ತಡವರಿಸುತ್ತ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅಂಕ ನೆನಪಿಲ್ಲ ಸಾರ್. ನೋಟ್‌ಬುಕ್ ಬರೆದದ್ದು ನೆನಪಿದೆ. ಮೂರು ದಿನ ಕೊಟ್ಟಿದ್ರಿ. ಅರ್ಧಕ್ಕಿಂತ ಹೆಚ್ಚು ಅಮ್ಮ ಬರೆದುಕೊಟ್ಟಿದ್ದು. ಅವಳು ಓದಿದ್ದು ಏಳನೇ ಕ್ಲಾಸು. ಏನು ಬರೀತಿದೀನಿ ಅಂತ ಅವಳಿಗೆ ಗೊತ್ತಿರಲಿಲ್ಲ. ಅಕ್ಷರ ಮಾತ್ರ ಮುತ್ತು. ನೀವು ಅದನ್ನ ಕ್ಲಾಸಿಗೆಲ್ಲ ಎತ್ತಿ ತೋರಿಸಿದ್ರಿ.’

ನನಗೆ ಮಾತು ಹೊರಡಲಿಲ್ಲ. ಎತ್ತಿ ತೋರಿಸಿದ್ದು ನನಗೂ ನೆನಪಿತ್ತು. ‘ನೋಡಿ, ಮನಸ್ಸು ಮಾಡಿದರೆ ಆಗುತ್ತದೆ’ ಎಂದು ಭಾಷಣವನ್ನೂ ಮಾಡಿದ್ದೆ. ಅವನು ಆಗ ತಲೆ ತಗ್ಗಿಸಿ ಕುಳಿತಿದ್ದನ್ನು ವಿನಯ ಎಂದುಕೊಂಡಿದ್ದೆ. ‘ತಪ್ಪಾಯಿತಪ್ಪ’ ಎಂದೆ. ‘ಬಿಡಿ ಸಾರ್, ಹಳೇದು’ ಎಂದ. ಆಮೇಲೆ ತಾಯಿ ತೀರಿಕೊಂಡು ಆರು ವರ್ಷವಾಯಿತೆಂದೂ, ಮಗ ಈ ವರ್ಷ ಎಸ್‌ಎಸ್‌ಎಲ್‌ಸಿ ಎಂದೂ ಹೇಳಿದ.

ಮಗನಿಗೆ ಅಭ್ಯಾಸದ ಹಾಳೆಗಳನ್ನು ಕಳಿಸುತ್ತೇನೆಂದೆ. ಆ ರಾತ್ರಿಯೇ ‘ರಿಟರ್ನ್’ ಸಾಲನ್ನು ಹೊರಗೆ ತಂದು, ಸೇವ್ ಮಾಡಿ, ಹದಿನೈದು ಲೆಕ್ಕಗಳ ಒಂದು ಹಾಳೆಯನ್ನೂ ಉತ್ತರಪಟ್ಟಿಯನ್ನೂ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನ ಬಿಟ್ಟು ಹುಡುಗನ ಪುಸ್ತಕದ ಚಿತ್ರ ಬಂತು. ಅಕ್ಷರ ಸುಮಾರು, ಕೆಂಪು ಗೆರೆಯನ್ನು ಎರಡು ಕಡೆ ದಾಟಿದ್ದ. ನಾನು ಪೆನ್ನು ಹಿಡಿದು ಒಂದೊಂದೇ ಹಂತವನ್ನು ಹಿಂಬಾಲಿಸಿ ನೋಡಿದೆ. ಒಂಬತ್ತನೆಯ ಲೆಕ್ಕದ ಎದುರು ಅವನು, ‘ಸಾರ್, ನಿಮ್ಮ ಉತ್ತರ ತಪ್ಪು, ಮೈನಸ್ ಬರಬೇಕು’ ಎಂದು ಬರೆದಿದ್ದ. 12ರಿಂದ ಆರಂಭವಾಗಿ ಐದೈದು ಇಳಿಯುವ ಆರು ಪದಗಳ ಮೊತ್ತ. ಕೈಯಲ್ಲಿ ಮಾಡಿ ನೋಡಿದೆ, ಋಣ 3. ಪಟ್ಟಿಯಲ್ಲಿ 3 ಎಂದು ಮಾತ್ರ ಅಚ್ಚಾಗಿತ್ತು.

ಲ್ಯಾಪ್‌ಟಾಪ್ ತೆರೆದು ಕುಳಿತೆ. ಸಾಲುಗಳೆಲ್ಲ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ನಿಂತಿದ್ದವು. ಋಣ ಚಿಹ್ನೆಯನ್ನು ಯಾವ ಸಾಲಿನಲ್ಲಿ ಬಿಟ್ಟೆನೆಂದು ಮೊದಲಿನಿಂದ ಓದತೊಡಗಿದೆ.